ಪವರ್ ಸಪ್ಲೈ ಯಾರಿಗೂ ಬೇಡ

ಗೇಮಿಂಗ್ ಪಿಸಿ ಜೋಡಿಸ್ತೀನಿ ಅಂದ್ರೆ ಸಾಕು, ಒಬ್ಬ ಇಂಟೆಲ್ ಅಂತಾನೆ, ಇನ್ನೊಬ್ಬ ರೈಜನ್. ಗ್ರಾಫಿಕ್ಸ್ ಕಾರ್ಡಿಗೆ 8 ಜಿಬಿ ಸಾಕೋ 16 ಬೇಕೋ ಅಂತ ಜಗಳ ಬೇರೆ. ಪವರ್ ಸಪ್ಲೈ ಮಾತು ಬಂದ್ರೆ ಮಾತ್ರ ಎಲ್ಲರದ್ದೂ ಒಂದೇ ರಾಗ: ಯಾವುದೋ ಒಂದು ಹಾಕು, ಉಳಿದ ದುಡ್ಡು ಕಾರ್ಡಿಗೆ ಸುರಿ.

ಇವರ ಮನೇಲಿ ವೋಲ್ಟೇಜ್ ಏರಿಳಿಯೋದೇ ಇಲ್ವೇನೋ! ನಮ್ಮೂರಲ್ಲಿ ಪಂಪ್‌ಸೆಟ್ ಶುರುವಾದ್ರೆ ಟ್ಯೂಬ್‌ಲೈಟೇ ಮಿಣುಕುತ್ತೆ. ‘80 ಪ್ಲಸ್ ಗೋಲ್ಡ್ ಇದೆಯಲ್ಲ’ ಅಂತಾರೆ. ಸ್ವಾಮಿ, ಆ ಮುದ್ರೆ ಹೇಳೋದು ಕರೆಂಟು ಎಷ್ಟು ಪೋಲಾಗುತ್ತೆ ಅನ್ನೋದನ್ನ, ಓವರ್‌ವೋಲ್ಟೇಜ್ ಬಂದಾಗ ಕಾರ್ಡು ಉಳಿಯುತ್ತಾ ಅನ್ನೋದನ್ನಲ್ಲ. ತಮ್ಮನ ಅಗ್ಗದ ಸಪ್ಲೈ ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರ್ಕೊಂಡು ಹೋಯ್ತು. ಓವಿಪಿ, ಓಸಿಪಿ ಇದೆಯಾ ಅಂತ ಅಂಗಡೀಲಿ ಕೇಳಿ ನೋಡಿ, ಆರ್‌ಜಿಬಿ ಲೈಟು ತೋರಿಸ್ತಾರೆ.