ಅಕ್ಷರಸಂಕೇತದ ಲಕ್ಷಣ ಮತ್ತು ಬರೆಹದ ಲಕ್ಷ್ಯ

ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಕಟ್ಟುವುದು ಕನ್ನಡ ವ್ಯಾಕರಣ ಪರಂಪರೆಯ ಕ್ರಮ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನೇ ಪ್ರಮಾಣವಾಗಿ ಇರಿಸಿಕೊಂಡನು. ಕಿಟೆಲ್ ಸಂಪಾದಿಸಿದ ಆ ಕೃತಿಯ ಆವೃತ್ತಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂದು ಕನ್ನಡ ಬರೆಹದ ಬಹುಭಾಗ ಗಣಕದ ಮೂಲಕ ನಡೆಯುತ್ತಿದೆ. ಅದಕ್ಕೆ ಲಕ್ಷಣವನ್ನು ವಿಧಿಸುತ್ತಿರುವುದು ಯುನಿಕೋಡ್ ಎಂಬ ಅಕ್ಷರಸಂಕೇತದ ಶಿಷ್ಟತೆ. ಈ ಲಕ್ಷಣವು ಲಕ್ಷ್ಯವನ್ನು ಎಷ್ಟರಮಟ್ಟಿಗೆ ಅನುಸರಿಸುತ್ತಿದೆ ಎಂಬ ಪ್ರಶ್ನೆಯನ್ನು ತಂತ್ರಜ್ಞರಿಗೇ ಬಿಟ್ಟುಬಿಡುವುದು ಕನ್ನಡ ವಿಭಾಗಗಳಿಗೆ ತಕ್ಕುದಲ್ಲ.

ಹಾಗೆ ಬಿಟ್ಟುದರ ಫಲಕ್ಕೆ ಹಳಗನ್ನಡದ ‘ೞ’ಕಾರವೇ ನಿದರ್ಶನ. ಕೇಶಿರಾಜನು ವಿಶೇಷವಾಗಿ ಚರ್ಚಿಸಿದ ಈ ಅಕ್ಷರಕ್ಕೆ ಶಿಷ್ಟತೆಯಲ್ಲಿ ದೊರೆತದ್ದು ಇಂಗ್ಲಿಷಿನ ‘ಎಫ್’ ಧ್ವನಿಯನ್ನು ಸೂಚಿಸುವ ಹೆಸರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡಿನ ಸ್ಥಿರತಾ ನಿಯಮ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದಿದೆ. ಸರಿಯಾದ ಹೆಸರು ತಿದ್ದುಪಡಿಯ ಅಡ್ಡಹೆಸರಾಗಿ ಪಕ್ಕದಲ್ಲಿ ಸೇರಿದೆ. ಹಳಗನ್ನಡ ಬಲ್ಲ ಒಬ್ಬ ಅಧ್ಯಾಪಕರು ಕರಡನ್ನು ಸಕಾಲದಲ್ಲಿ ನೋಡಿದ್ದರೆ ತಪ್ಪಿಸಬಹುದಾಗಿದ್ದ ಪ್ರಮಾದವಿದು.

ಇನ್ನು ಕೆಲವು ಚಿಹ್ನೆಗಳು ಬಹುಕಾಲ ಶಿಷ್ಟತೆಯ ಹೊರಗೇ ಉಳಿದವು. ಹಳೆಯ ಬರೆಹಗಳಲ್ಲಿ ಸ್ವರರಹಿತ ನಕಾರವನ್ನು ಸೂಚಿಸುವ ನಕಾರಪೊಲ್ಲು (ೝ) ಸೇರಿದ್ದು 2021ರಲ್ಲಿ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ಪರಂಪರೆ ಮಂಗಳೂರು ಪರಿಸರದಲ್ಲಿ ಹಳೆಯದು. ಅಂಥ ಬರೆಹಗಳಲ್ಲಿ ಅನುನಾಸಿಕತೆಯನ್ನು ತೋರಿಸಲು ಅಕ್ಷರದ ಬಲಮೇಲ್ಭಾಗದಲ್ಲಿ ಇಡುವ ಸೊನ್ನೆಗೆ ಸ್ಥಾನ ಸಿಕ್ಕಿದ್ದು 2022ರಲ್ಲಿ. ಅಲ್ಲಿಯವರೆಗೆ ಸಂಪಾದಕನಿಗೆ ಇದ್ದದ್ದು ಎರಡೇ ದಾರಿ: ಚಿಹ್ನೆಯನ್ನು ಕೈಬಿಡುವುದು, ಇಲ್ಲವೇ ಬೇರೆಡೆ ಓದಲಾಗದ ಖಾಸಗಿ ಫಾಂಟನ್ನು ಆಶ್ರಯಿಸುವುದು. ಎರಡರಲ್ಲಿಯೂ ಪಾಠಕ್ಕೆ ಹಾನಿಯೇ.

ಹಾಗೆಂದು ರೂಢಿಯಲ್ಲಿರುವುದೆಲ್ಲವೂ ಪ್ರಮಾಣವಾಗಲಾರದು. ಅನುಸ್ವಾರದ (ಂ) ಬದಲಿಗೆ ಕನ್ನಡ ಅಂಕಿಯ ಸೊನ್ನೆಯನ್ನು (೦) ಬೆರಳಚ್ಚಿಸುವ ಅಭ್ಯಾಸ ಸಾಕಷ್ಟು ಕಡೆ ಕಂಡುಬರುತ್ತದೆ. ಕಣ್ಣಿಗೆ ಭೇದ ತೋರದು. ಗಣಕಕ್ಕೆ ಮಾತ್ರ ಅವೆರಡೂ ಬೇರೆ ಬೇರೆ. ಪದವನ್ನು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ಕ್ರಮ ಕೆಡುತ್ತದೆ, ಪದಪ್ರಯೋಗದ ಎಣಿಕೆಯೂ ತಪ್ಪುತ್ತದೆ. ಇಲ್ಲಿ ತಿದ್ದಬೇಕಾದುದು ರೂಢಿಯನ್ನೇ ಹೊರತು ಶಿಷ್ಟತೆಯನ್ನಲ್ಲ. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಸಹಜವಾಗಿ ಮೂಡುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಪೂರ್ಣ ರಕಾರ ಬೇಕಾದರೆ ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಸೇರಿಸಬೇಕು. ಈ ನಿಯಮ ಶಿಷ್ಟತೆಯಲ್ಲಿದೆ. ಆದರೆ ಸಂಶೋಧನ ವಿದ್ಯಾರ್ಥಿಗಳಿಗೆ ಅದನ್ನು ತಿಳಿಸಿಕೊಡುವ ಪಠ್ಯಕ್ರಮಗಳು ವಿರಳ. ಯಾವ ರೂಢಿ ಲಿಪಿಯ ಸಹಜ ಲಕ್ಷ್ಯ, ಯಾವುದು ಯಂತ್ರದಿಂದ ಹುಟ್ಟಿದ ದೋಷ ಎಂಬ ವಿವೇಚನೆ ಭಾಷಾಧ್ಯಯನದವರ ಕೆಲಸವೇ ಆಗಿದೆ.

ಈ ಕೆಲಸ ಮಂಗಳೂರಿನಲ್ಲಿ ಇನ್ನೂ ತುರ್ತಿನದು. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿ ಸೇರ್ಪಡೆಯಾಯಿತು. ತಾಳೆಗರಿಯ ಹಸ್ತಪ್ರತಿಗಳ ರೂಢಿಗೂ ಇಂದು ತುಳು ಲಿಪಿಯೆಂದು ಕಲಿಸಲಾಗುತ್ತಿರುವ ರೂಪಗಳಿಗೂ ಅಂತರವಿದೆ. ಆ ಅಂತರವನ್ನು ಹಸ್ತಪ್ರತಿಗಳ ಆಧಾರದಿಂದ ಈಗಲೇ ದಾಖಲಿಸದಿದ್ದರೆ, ‘ೞ’ಕಾರಕ್ಕೆ ಒದಗಿದ ಗತಿಯೇ ಮುಂದೆ ತುಳುವಿಗೂ ಒದಗಬಹುದು.

ಹೊಸ ಚಿಹ್ನೆಗಾಗಿ ಪ್ರಸ್ತಾವ ಸಲ್ಲಿಸಲು ಯುನಿಕೋಡಿನಲ್ಲಿ ಯಾರಿಗೂ ಅವಕಾಶವುಂಟು. ಅಲ್ಲಿ ಕೇಳುವುದು ಅಧಿಕಾರವನ್ನಲ್ಲ, ಬಳಕೆಯ ಸಾಕ್ಷ್ಯವನ್ನು. ಶಾಸನ, ಹಸ್ತಪ್ರತಿ, ಹಳೆಯ ಮುದ್ರಿತ ಗ್ರಂಥಗಳ ರೂಪದಲ್ಲಿ ಆ ಸಾಕ್ಷ್ಯ ಕನ್ನಡ ವಿಭಾಗಗಳ ಕಪಾಟುಗಳಲ್ಲಿಯೇ ಇದೆ. ಪ್ರತಿಯೊಂದು ಗ್ರಂಥಸಂಪಾದನೆಯ ಪ್ರಸ್ತಾವನೆಯಲ್ಲಿಯೂ ಸಂಕೇತ ದೊರೆಯದ ಚಿಹ್ನೆಗಳ ಪಟ್ಟಿಯನ್ನು ಕೊಡುವ ಪದ್ಧತಿ ಬರಬೇಕು. ಆ ಪಟ್ಟಿಗಳನ್ನು ಕ್ರೋಡೀಕರಿಸಿ, ಚಿತ್ರಸಹಿತ ಸಾಕ್ಷ್ಯದೊಡನೆ ಕಳುಹಿಸುವ ಹೊಣೆಯನ್ನು ವಿಭಾಗಗಳು ಹೊರಬೇಕು. ಗ್ರಂಥಸಂಪಾದನಶಾಸ್ತ್ರದ ಪಠ್ಯದಲ್ಲಿ ಅಕ್ಷರಸಂಕೇತಕ್ಕೆ ಒಂದು ಅಧ್ಯಾಯವಾದರೂ ಮೀಸಲಾಗಬೇಕು. ಲಕ್ಷ್ಯವನ್ನು ಬಲ್ಲವರು ಮೌನವಾಗಿದ್ದರೆ, ಲಕ್ಷಣವನ್ನು ಅದನ್ನು ಅರಿಯದವರು ಬರೆಯುತ್ತಾರೆ.