ಹಿಮದ ಮೇಲೆ ಉಳಿಯುವ ಗಾಲಿಯ ಗುರುತು

2022ರ ಮಾರ್ಚ್ ತಿಂಗಳಲ್ಲಿ ಕೆನಡಾದ ಉತ್ತರ ತುದಿಯ ನುನಾವುಟ್ ಪ್ರದೇಶದಲ್ಲಿ ಒಂದು ಪಿಕಪ್ ವಾಹನ ಸಮುದ್ರದ ಪಾಲಾಯಿತು. ಭಾರೀ ಗಾತ್ರದ ಗಾಲಿಗಳನ್ನು ತೊಡಿಸಿ ಧ್ರುವಯಾತ್ರೆಗೆಂದೇ ಸಜ್ಜುಗೊಳಿಸಿದ್ದ ವಾಹನವದು. ಟ್ರಾನ್ಸ್‌ಗ್ಲೋಬಲ್ ಕಾರ್ ಎಕ್ಸ್‌ಪೆಡಿಷನ್ ಎಂಬ ಸಾಹಸಯಾತ್ರೆಯ ಪೂರ್ವಸಿದ್ಧತೆಯಾಗಿ ಯೆಲ್ಲೋನೈಫ್ ಪಟ್ಟಣದಿಂದ ಹೊರಟ ತಂಡವು ಹೆಪ್ಪುಗಟ್ಟಿದ ಕಡಲಿನ ಮೇಲೆಯೇ ಸಾಗಿ ರೆಸೊಲ್ಯೂಟ್ ಬೇ ಎಂಬ ಹಳ್ಳಿಯನ್ನು ತಲುಪಿತ್ತು. ಮರಳುವ ದಾರಿಯಲ್ಲಿ, ಫ್ರಾಂಕ್ಲಿನ್ ಜಲಸಂಧಿಯ ಟಾಸ್ಮೇನಿಯಾ ದ್ವೀಪಗಳ ಬಳಿ, ಮಂಜುಗಡ್ಡೆ ಬಿರಿದು ಒಂದು ವಾಹನ ಮುಳುಗಿತು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ.

ಸಾಹಸಪ್ರಿಯರಿಗೆ ಇದೊಂದು ರೋಚಕ ಪ್ರಸಂಗವಾಗಿ ಕಂಡಿರಬಹುದು. ಆದರೆ ಸಮೀಪದ ತಾಲೋಯೊಅಕ್ ಹಳ್ಳಿಯ ಇನುಯಿಟ್ ಜನರಿಗೆ ಅದು ಹಾಗೆ ಕಾಣಲಿಲ್ಲ. ಆ ಕಡಲು ಅವರ ಉಗ್ರಾಣ. ಸೀಲ್, ಮೀನು, ಹಿಮಕರಡಿಗಳ ನೆಲೆಯಾದ ಆ ಸೀಮೆಯನ್ನು ಅವಿಕ್ತೂಕ್ ಎಂಬ ಹೆಸರಿನಲ್ಲಿ ತಾವೇ ಕಾಪಾಡುವ ಸಂರಕ್ಷಿತ ಪ್ರದೇಶವನ್ನಾಗಿಸಬೇಕೆಂದು ಅಲ್ಲಿನ ಬೇಟೆಗಾರರ ಸಂಘ ಶ್ರಮಿಸುತ್ತಿತ್ತು. ಅಂತಹ ನೀರಿನಲ್ಲಿ ಇಂಧನ, ಎಣ್ಣೆ, ಬ್ಯಾಟರಿಗಳ ಸಮೇತ ಒಂದು ಯಂತ್ರ ಮುಳುಗಿದಾಗ ಊರಿನವರು ಕಳವಳಗೊಂಡದ್ದು ಸಹಜವೇ. ಅದೇ ವರ್ಷದ ಆಗಸ್ಟ್‌ನಲ್ಲಿ ಮಂಜು ಕರಗಿದ ಬಳಿಕ ವಾಹನವನ್ನು ತಳದಿಂದೆತ್ತಿ ಹೆಲಿಕಾಪ್ಟರಿನಲ್ಲಿ ಸಾಗಿಸಲಾಯಿತು. ಕೊಟ್ಟ ಮಾತನ್ನು ಉಳಿಸಿಕೊಂಡದ್ದಕ್ಕೆ ಆ ತಂಡಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಆದರೆ ವಾಹನ ಮೇಲೆ ಬಂದಷ್ಟು ಸುಲಭವಾಗಿ ಅದರ ಹಿಂದಿನ ಪ್ರಶ್ನೆ ಮುಗಿದುಹೋಗುವುದಿಲ್ಲ. ಯಾರ ಅಂಗಳದಲ್ಲಿ, ಯಾರ ಒಪ್ಪಿಗೆಯಿಂದ, ಯಾವ ಪ್ರಯೋಜನಕ್ಕಾಗಿ ಇಂತಹ ಯಾತ್ರೆಗಳು ನಡೆಯಬೇಕು?

ಧ್ರುವಸೀಮೆಯ ಹಳ್ಳಿಗಳನ್ನು ಕುರಿತು ಬರೆಯುವವರೆಲ್ಲ ಬಳಸುವ ಪದ ‘ದುರ್ಗಮ’. ನುನಾವುಟ್‌ನ 25 ಹಳ್ಳಿ-ಪಟ್ಟಣಗಳಲ್ಲಿ ಒಂದಕ್ಕೂ ಹೊರನಾಡಿನಿಂದ ರಸ್ತೆಯಿಲ್ಲ ಎಂಬುದು ನಿಜ. ಆದರೆ ದುರ್ಗಮವೆಂಬುದು ಹೊರಗಿನಿಂದ ಬರುವವನ ಅಳತೆ. ಅಲ್ಲಿಯೇ ಬಾಳುವವನಿಗೆ ಅದು ಮನೆ. ಇನ್ನು ಕೆಲವು ಊರುಗಳ ದುರ್ಗಮತೆಯನ್ನು ಸೃಷ್ಟಿಸಿದ್ದೇ ಹೊರಗಿನವರು. 1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್ ಪ್ರಾಂತದ ಇನುಕ್ಜುವಾಕ್‌ನ ಇನುಯಿಟ್ ಕುಟುಂಬಗಳನ್ನು ಸುಮಾರು 2,000 ಕಿ.ಮೀ. ಉತ್ತರಕ್ಕೆ ಸಾಗಿಸಿ ರೆಸೊಲ್ಯೂಟ್ ಬೇ ಮತ್ತು ಗ್ರೈಸ್ ಫಿಯೋರ್ಡ್‌ಗಳಲ್ಲಿ ಇಳಿಸಿತು. ತಿಂಗಳುಗಟ್ಟಲೆ ಸೂರ್ಯನೇ ಕಾಣದ, ಪರಿಚಯವಿಲ್ಲದ ನೆಲದಲ್ಲಿ ಆ ಕುಟುಂಬಗಳು ಪಟ್ಟ ಪಾಡಿಗಾಗಿ ಸರ್ಕಾರ ಕ್ಷಮೆ ಯಾಚಿಸಿದ್ದು 2010ರಲ್ಲಿ. ಸಾಹಸಯಾತ್ರಿಗಳು ತಲುಪಿ ಸಂಭ್ರಮಿಸಿದ ರೆಸೊಲ್ಯೂಟ್ ಬೇ ಇದೇ.

ವಾಹನ ಮುಳುಗಿದ ಜಲಸಂಧಿಗೆ ಜಾನ್ ಫ್ರಾಂಕ್ಲಿನ್‌ನ ಹೆಸರಿರುವುದೂ ಅರ್ಥಪೂರ್ಣ. 1845ರಲ್ಲಿ ಎರಡು ಹಡಗುಗಳೊಡನೆ ಇದೇ ಜಲರಾಶಿಯನ್ನು ಹೊಕ್ಕ ಆತನ ದಂಡಯಾತ್ರೆಯ 129 ಮಂದಿಯೂ ಅಳಿದರು. ಅವರ ಕೊನೆಯ ದಿನಗಳ ಬಗ್ಗೆ ಇನುಯಿಟ್ ಜನ ಹೇಳಿದ್ದನ್ನು 1854ರಲ್ಲಿ ಜಾನ್ ರೇ ಇಂಗ್ಲೆಂಡಿಗೆ ಮುಟ್ಟಿಸಿದಾಗ ಅಲ್ಲಿನ ಪ್ರತಿಷ್ಠಿತರು ‘ಅನಾಗರಿಕರ ಕಟ್ಟುಕಥೆ’ ಎಂದು ತಳ್ಳಿಹಾಕಿದರು. ಆ ಹಡಗುಗಳು ಕೊನೆಗೂ 2014 ಮತ್ತು 2016ರಲ್ಲಿ ದೊರೆತಾಗ, ತಲೆಮಾರುಗಳಿಂದ ಬಾಯಿಂದ ಬಾಯಿಗೆ ಹರಿದುಬಂದ ಇನುಯಿಟ್ ಮಾಹಿತಿಯೇ ಮುಖ್ಯ ದಾರಿದೀಪವಾಗಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆ ರೋಲ್ಡ್ ಅಮುಂಡ್ಸನ್‌ನದು. 1903ರಿಂದ ಎರಡು ಚಳಿಗಾಲಗಳನ್ನು ಆತ ಈಗಿನ ಜೋವಾ ಹೇವನ್‌ನಲ್ಲಿ ಕಳೆದು, ನೆಟ್ಸಿಲಿಕ್ ಇನುಯಿಟ್ ಜನರಿಂದ ಚರ್ಮದ ಉಡುಪು, ನಾಯಿಬಂಡಿ, ಹಿಮದ ಮನೆಗಳ ವಿದ್ಯೆಯನ್ನು ಕಲಿತ. ಮುಂದೆ 1911ರಲ್ಲಿ ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವನೂ ಆತನೇ. ಒಬ್ಬನು ನಾಡನ್ನು ಜಯಿಸಲು ಹೋದ, ಇನ್ನೊಬ್ಬನು ನಾಡವರ ಶಿಷ್ಯನಾದ. ಧ್ರುವಕ್ಕೆ ಹೊರಡುವ ಪ್ರತಿಯೊಬ್ಬನೂ ತನಗೆ ಯಾರ ದಾರಿ ಎಂದು ಕೇಳಿಕೊಳ್ಳಬೇಕು.

ಕಡಲಿನ ಮಂಜುಗಡ್ಡೆ ನೆಲದಂತೆ ತೋರಿದರೂ ನೆಲವಲ್ಲ. ಉಪ್ಪುನೀರಿನ ಗಡ್ಡೆ ಸಿಹಿನೀರಿನ ಗಡ್ಡೆಗಿಂತ ದುರ್ಬಲ. ಇಕ್ಕಟ್ಟಾದ ಜಲಸಂಧಿಗಳಲ್ಲಿ ಒಳಹರಿವು ಅದನ್ನು ತಳದಿಂದ ಸವೆಸುತ್ತದೆ. ಮೇಲೆ ಬಿದ್ದ ಹಿಮ ಕಂಬಳಿಯಂತೆ ಹೊದ್ದು ಗಡ್ಡೆ ದಪ್ಪವಾಗುವುದನ್ನು ತಡೆಯುತ್ತದೆ. ಭಾರದ ವಾಹನ ಸಾಗಿದಂತೆ ಗಡ್ಡೆಯಡಿಯ ನೀರಿನಲ್ಲಿ ಅಲೆಯೆದ್ದು, ವೇಗ ಒಂದು ಮಿತಿಯನ್ನು ಮುಟ್ಟಿದಾಗ ಆ ಅಲೆಯೇ ಗಡ್ಡೆಯನ್ನು ಬಿರಿಯಿಸಬಲ್ಲದು. ಬೇಟೆಗಾರರು ಈಟಿಯ ತುದಿಯಿಂದ ಕುಟ್ಟಿ ನೋಡಿ, ಬಣ್ಣ ನೋಡಿ, ಸದ್ದು ಕೇಳಿ ಗಡ್ಡೆಯ ಸತ್ವವನ್ನು ಅಳೆಯುತ್ತಾರೆ. ಆದರೆ 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಕಾಯುತ್ತಿದೆ. ಹಿರಿಯರ ಅನುಭವಕ್ಕೂ ಈಗಿನ ಗಡ್ಡೆ ಹೊಂದುತ್ತಿಲ್ಲ. ನುರಿತವರೇ ಅಂಜಿ ನಡೆಯುವಲ್ಲಿ ಟನ್‌ಗಟ್ಟಲೆ ತೂಕದ ಯಂತ್ರವನ್ನು ಓಡಿಸುವುದು ಸಾಹಸವೋ ಅವಿವೇಕವೋ?

ಆ ಬಿಳಿ ಬಯಲು ಬರಿದೂ ಅಲ್ಲ. ಯಾತ್ರೆಗೆ ಅನುಕೂಲವೆಂದು ಆರಿಸಿಕೊಳ್ಳುವ ಮಾರ್ಚ್-ಏಪ್ರಿಲ್ ಕಾಲವೇ ರಿಂಗ್ಡ್ ಸೀಲ್‌ಗಳ ಬಾಣಂತನದ ಕಾಲ. ಗಡ್ಡೆಯಲ್ಲಿ ಉಗುರಿನಿಂದ ಉಸಿರುಗಂಡಿ ಕೊರೆದು, ಅದರ ಮೇಲಿನ ಹಿಮದೊಳಗೆ ಗೂಡು ತೋಡಿ ತಾಯಿಸೀಲ್ ಮರಿ ಹಾಕುತ್ತದೆ. ವಾಹನದಲ್ಲಿ ಕುಳಿತವನ ಕಣ್ಣಿಗೆ ಆ ಗೂಡು ಕಾಣುವುದೇ ಇಲ್ಲ.

ಕಡಲನ್ನು ಬಿಟ್ಟು ನೆಲಕ್ಕೆ ಬಂದರೆ ಪೆಟ್ಟು ಇನ್ನೂ ದೀರ್ಘಕಾಲದ್ದು. ಟಂಡ್ರಾದ ನೆಲ ಆಳದಲ್ಲಿ ಸದಾ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ತೆಳುವಾದ ಪದರವಷ್ಟೇ ಕರಗಿ ಜೀವ ತಳೆಯುತ್ತದೆ. ಕೆಳಗಿನ ಹೆಪ್ಪನ್ನು ಬಿಸಿಲಿನಿಂದ ಕಾಯುವುದು ಪಾಚಿ, ಕಲ್ಲುಹೂವು, ಕುರುಚಲು ಗಿಡಗಳ ಹೊದಿಕೆ. ಅಡಕೆ ತೋಟದ ಬುಡಕ್ಕೆ ಹಾಸಿದ ದರಗು ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ. ಗಾಲಿ ಹರಿದು ಆ ಹೊದಿಕೆ ಅಮುಕಿತೆಂದರೆ ಕಪ್ಪು ಮಣ್ಣು ಬಿಸಿಲನ್ನು ಹೀರುತ್ತದೆ, ಒಳಗಿನ ಗಡ್ಡೆ ಕರಗುತ್ತದೆ, ನೆಲ ಕುಸಿದು ನೀರು ನಿಲ್ಲುತ್ತದೆ, ನಿಂತ ನೀರು ಮತ್ತಷ್ಟು ಬಿಸಿಯನ್ನು ಕೆಳಗಿಳಿಸುತ್ತದೆ. ಒಂದು ದಿನದ ಗಾಲಿಯ ಗುರುತು ವರ್ಷಗಳಲ್ಲಿ ಹಳ್ಳವಾಗುವುದು ಹೀಗೆ. ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ಧಾಮದಲ್ಲಿ 1984 ಮತ್ತು 1985ರ ಚಳಿಗಾಲದಲ್ಲಿ ತೈಲ ನಿಕ್ಷೇಪದ ಸಮೀಕ್ಷೆಗಾಗಿ ವಾಹನಗಳು ಓಡಾಡಿದವು. ಹಿಮ ಮುಚ್ಚಿದ ಕಾಲದಲ್ಲಿಯೇ ಓಡಿಸಿದ್ದರೂ ಎರಡು ದಶಕಗಳ ಅನಂತರವೂ ಕೆಲವೆಡೆ ಆ ಜಾಡುಗಳು ಮಾಸಿರಲಿಲ್ಲ. ಅಗಲವಾದ, ಗಾಳಿ ಇಳಿಸಿದ ಗಾಲಿಗಳು ಭಾರವನ್ನು ಹಂಚುತ್ತವೆ ನಿಜ. ಆದರೆ ಒಂದೇ ಜಾಡಿನಲ್ಲಿ ಹತ್ತು ವಾಹನ ಹರಿದರೆ ಆ ಲಾಭ ಉಳಿಯುವುದಿಲ್ಲ.

ಈ ಮಣ್ಣಿನಲ್ಲಿ ಸಾವಿರಾರು ವರ್ಷಗಳ ಸಸ್ಯಾವಶೇಷ ಕೊಳೆಯದೆ ಉಳಿದಿದೆ. ಉತ್ತರದ ಹೆಪ್ಪುನೆಲದಲ್ಲಿರುವ ಇಂಗಾಲದ ಮೊತ್ತ ವಾತಾವರಣದಲ್ಲಿರುವುದರ ಸುಮಾರು ಎರಡರಷ್ಟೆಂದು ವಿಜ್ಞಾನಿಗಳ ಅಂದಾಜು. ಅದು ಕರಗಿ ಕೊಳೆತಂತೆ ಇಂಗಾಲಾನಿಲ, ಮೀಥೇನ್‌ಗಳಾಗಿ ಆಕಾಶ ಸೇರುತ್ತದೆ. ಕೆಲವು ವಾಹನಗಳಿಂದ ಇಷ್ಟೆಲ್ಲ ಕರಗಿಬಿಡುತ್ತದೆ ಎನ್ನುವುದು ಅತಿಶಯೋಕ್ತಿ. ಆದರೆ ಕಾದು ನಲುಗುತ್ತಿರುವ ನೆಲಕ್ಕೆ ಮನರಂಜನೆಗಾಗಿ ಇನ್ನೊಂದು ಗಾಯ ಏಕೆ?

ಇಲ್ಲೊಂದು ಆಕ್ಷೇಪವನ್ನು ನ್ಯಾಯವಾಗಿಯೇ ಎದುರಿಸಬೇಕು. ಇನುಯಿಟ್ ಜನರೇ ಹಿಮಬೈಕುಗಳನ್ನು ಓಡಿಸುವುದಿಲ್ಲವೇ? ಅವರಿಗೂ ರಸ್ತೆ ಬೇಡವೇ? ಓಡಿಸುತ್ತಾರೆ, ಬೇಕು. ಕೆನಡಾದ ವಾಯವ್ಯ ಪ್ರದೇಶಗಳ ಟುಕ್ಟೊಯಾಕ್ಟುಕ್ ಊರಿಗೆ 2017ರ ನವೆಂಬರ್‌ನಲ್ಲಿ ಇನುವಿಕ್‌ನಿಂದ ಸುಮಾರು 140 ಕಿ.ಮೀ. ಉದ್ದದ ಸರ್ವಋತು ರಸ್ತೆ ತೆರೆಯಿತು. ಅದಕ್ಕೆ ಮುನ್ನ ಚಳಿಗಾಲದ ಹಿಮರಸ್ತೆಯೊಂದೇ ಭೂಮಾರ್ಗವಾಗಿತ್ತು. ಹೊಸ ರಸ್ತೆಯನ್ನು ನೆಲ ಅಗೆಯದೆ, ಹೆಪ್ಪುಗಟ್ಟಿದ ನೆಲದ ಮೇಲೆ ಬಟ್ಟೆಯಂತಹ ಹಾಸು ಹಾಸಿ, ಜಲ್ಲಿಯ ದಿಬ್ಬವೇರಿಸಿ, ಚಳಿಗಾಲದಲ್ಲಿ ಕಟ್ಟಲಾಯಿತು. ಊರಿನವರು ಬಹುಕಾಲದಿಂದ ಕೇಳಿದ್ದ ರಸ್ತೆಯದು. ಅಕ್ಕಿ, ಹಾಲು, ಔಷಧ ತರುವ ಗಾಲಿಗೂ ದಾಖಲೆ ಬರೆಯಲು ಬರುವ ಗಾಲಿಗೂ ಅಂತರವಿದೆ. ಮೊದಲನೆಯದು ಬದುಕಿನ ಅಗತ್ಯ; ಅದರ ಲಾಭನಷ್ಟ ಎರಡನ್ನೂ ಅಲ್ಲಿನವರೇ ಹೊರುತ್ತಾರೆ. ಎರಡನೆಯದರ ಕೀರ್ತಿ ದೂರದ ನಗರಕ್ಕೆ ಹೋಗುತ್ತದೆ, ಗುರುತು ಮಾತ್ರ ಹಳ್ಳಿಗೆ ಉಳಿಯುತ್ತದೆ.

ಆ ಹಳ್ಳಿಗಳ ಬದುಕಾದರೂ ಎಷ್ಟು ಬಿಗಿಯಾಗಿದೆ! ವಿಮಾನದಲ್ಲಿ ಬರುವ ಆಹಾರ ದುಬಾರಿ. ಆದ್ದರಿಂದ ಬೇಟೆಯ ಮಾಂಸ, ಮೀನುಗಳೇ ಆಸರೆ. ಆದರೆ ಬ್ಯಾಥರ್ಸ್ಟ್ ಕ್ಯಾರಿಬೂ ಹಿಂಡು 1986ರಲ್ಲಿ ಸುಮಾರು 4.7 ಲಕ್ಷವಿದ್ದದ್ದು 2018ರ ವೇಳೆಗೆ ಸುಮಾರು 8,200ಕ್ಕೆ ಇಳಿಯಿತು. ಅದಕ್ಕೆ ಕಾರಣಗಳು ಹಲವು. ಉಳಿದ ಹಿಂಡಿಗಾಗಿ ಬೇಟೆಯನ್ನೇ ಬಿಟ್ಟುಕೊಡುವಂತೆ ಸ್ಥಳೀಯರನ್ನು ಕೇಳುವಾಗ, ಹೊರಗಿನವರ ಮೋಜಿಗೆ ಕಡಿವಾಣವಿಲ್ಲದಿರುವುದು ಯಾವ ನ್ಯಾಯ?

ಕಡಿವಾಣ ಅಸಾಧ್ಯವೇನಲ್ಲ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸ್ತೋಮದಲ್ಲಿ 2001ರ ಪರಿಸರ ಸಂರಕ್ಷಣಾ ಕಾಯಿದೆಯು ಹಿಮವಿಲ್ಲದ, ಕರಗಿದ ನೆಲದ ಮೇಲೆ ರಸ್ತೆ ಬಿಟ್ಟು ಮೋಟಾರು ವಾಹನ ಓಡಿಸುವುದನ್ನು ನಿಷೇಧಿಸಿದೆ. ಅಲಾಸ್ಕಾದಲ್ಲಿ ನೆಲ ಸಾಕಷ್ಟು ಹೆಪ್ಪುಗಟ್ಟುವವರೆಗೆ ಟಂಡ್ರಾ ಮೇಲೆ ಸಮೀಕ್ಷೆಯ ವಾಹನಗಳಿಗೆ ಅನುಮತಿ ದೊರೆಯುವುದಿಲ್ಲ. 1970ರ ದಶಕದಲ್ಲಿ ವರ್ಷಕ್ಕೆ 200 ದಿನಗಳಿಗೂ ಹೆಚ್ಚಿದ್ದ ಆ ಅವಧಿ 2000ದ ದಶಕದ ಆರಂಭಕ್ಕೆ ಸುಮಾರು 100 ದಿನಗಳಿಗೆ ಕುಗ್ಗಿತು. ನೆಲವೇ ‘ಬೇಡ’ ಎನ್ನತೊಡಗಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೊರಗಿನ ಪ್ರತಿಯೊಂದು ವಾಹನಯಾತ್ರೆಗೂ ದಾರಿಯುದ್ದಕ್ಕಿರುವ ಹಳ್ಳಿಗಳ ಬೇಟೆಗಾರರ ಸಂಘಗಳ ಪೂರ್ವಾನುಮತಿ ಕಡ್ಡಾಯವಾಗಬೇಕು. ಮುಳುಗಿದ್ದನ್ನು ಎತ್ತುವ, ಚೆಲ್ಲಿದ್ದನ್ನು ಬಳಿಯುವ ವೆಚ್ಚವನ್ನು ಹೊರಡುವ ಮುನ್ನವೇ ಠೇವಣಿಯಾಗಿ ಇಡಿಸಿಕೊಳ್ಳಬೇಕು. ದಾರಿ ತೋರುವ ಸ್ಥಳೀಯನಿಗೆ ಕೂಲಿಯಷ್ಟೇ ಅಲ್ಲ, ‘ಇಲ್ಲಿಂದ ಮುಂದಿಲ್ಲ’ ಎನ್ನುವ ಅಧಿಕಾರವೂ ಇರಬೇಕು.

ಸಹ್ಯಾದ್ರಿಯ ಶೋಲಾ ಹುಲ್ಲುಗಾವಲುಗಳಲ್ಲಿ ಜೀಪು ಹತ್ತಿಸಿ ಕೆಸರೆರಚುವುದನ್ನು ಕಂಡಿರುವ ಮಲೆನಾಡಿಗರಿಗೆ ಈ ಕಥೆ ದೂರದ್ದಲ್ಲ. ಅಲ್ಲಿ ಕರಗುವ ಗಡ್ಡೆ ಮಾಡುವ ಕೆಲಸವನ್ನು ಇಲ್ಲಿ ಆಷಾಢದ ಮಳೆ ಮಾಡುತ್ತದೆ: ಗಾಲಿಯ ಜಾಡು ಕೊರಕಲಾಗಿ, ಶತಮಾನಗಳ ಮೇಲ್ಮಣ್ಣು ಹೊಳೆ ಸೇರುತ್ತದೆ.

ಮನುಷ್ಯ ಹೋಗದ ಜಾಗವೇ ಇರಬಾರದೆಂಬ ಹಂಬಲ ಹಳೆಯದು. ಫ್ರಾಂಕ್ಲಿನ್‌ನ ಕಾಲದಲ್ಲಿ ಅದಕ್ಕೆ ಹಾಯಿಯಿತ್ತು, ಈಗ ಗಾಲಿ ಬಂದಿದೆ. ತಾಲೋಯೊಅಕ್‌ನ ಜನ ಯಾರನ್ನೂ ಬರಬೇಡಿರೆಂದು ಹೇಳಿದವರಲ್ಲ. ಬಂದವರು ಬಾಗಿಲು ತಟ್ಟಿ ಬರಲಿ ಎಂಬುದಷ್ಟೇ ಅಲ್ಲಿನ ನೆಲವೂ ಕಡಲೂ ಕೇಳುತ್ತಿರುವುದು.