ಒಂದೇ ಪುಸ್ತಕ, ಹಲವು ಜನ್ಮದಿನ

ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕೃತಿಗೆ 2025ರ ಮೇ 20ರಂದು ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಸಂದಿತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ 12 ಕಥೆಗಳು ಕನ್ನಡದಲ್ಲಿ ರಚಿತವಾದದ್ದು 1990ರಿಂದ 2023ರ ಅವಧಿಯಲ್ಲಿ. ಪ್ರಶಸ್ತಿಯ ನಿಯಮಕ್ಕೆ ಆ ವರ್ಷಗಳು ಲೆಕ್ಕಕ್ಕಿಲ್ಲ. ಕೃತಿಯು 2024ರ ಮೇ 1ರಿಂದ 2025ರ ಏಪ್ರಿಲ್ 30ರೊಳಗೆ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಿರಬೇಕು, ಅಷ್ಟೆ. ನುಗ್ಗೇಹಳ್ಳಿಯ ಓದುಗನೊಬ್ಬ ಎಂದೋ ಓದಿ ಮೆಚ್ಚಿರಬಹುದಾದ ಕಥೆ ಲಂಡನ್ನಿನಲ್ಲಿ ಹೊಚ್ಚ ಹೊಸದು.

ಪುಸ್ತಕವೊಂದು ದೇಶದಿಂದ ದೇಶಕ್ಕೆ ಬೇರೆ ಬೇರೆ ದಿನ ಹುಟ್ಟುವುದೇಕೆ? ಪ್ರಕಟಣೆಯ ಹಕ್ಕನ್ನು ಪ್ರದೇಶವಾರು ಮಾರುವುದೇ ಮುಖ್ಯ ಕಾರಣ. ‘ಹಾರ್ಟ್ ಲ್ಯಾಂಪ್’ ಬ್ರಿಟನ್ನಿನಲ್ಲಿ ಆ್ಯಂಡ್ ಅದರ್ ಸ್ಟೋರೀಸ್ ಸಂಸ್ಥೆಯಿಂದಲೂ ಭಾರತದಲ್ಲಿ ಪೆಂಗ್ವಿನ್‌ನಿಂದಲೂ ಬಂತು. ಪ್ರತಿ ಪ್ರಕಾಶಕರಿಗೂ ಅವರದೇ ಮುದ್ರಣ, ವಿತರಣೆ, ಪ್ರಚಾರದ ವೇಳಾಪಟ್ಟಿ ಇರುತ್ತದೆ. ಈ ಗಡಿಗಳಿಗೆ ಕಾನೂನಿನ ಬಲವೂ ಉಂಟು. ಪೆಂಗ್ವಿನ್ ಹಕ್ಕು ಹೊಂದಿದ್ದ 23 ಪುಸ್ತಕಗಳ ಅಮೆರಿಕನ್ ಪ್ರತಿಗಳನ್ನು ಇಲ್ಲಿ ತರಿಸಿ ಮಾರುವುದು ಹಕ್ಕುಚ್ಯುತಿಯೆಂದು ದೆಹಲಿ ಹೈಕೋರ್ಟ್ 1984ರಲ್ಲಿ ಹೇಳಿತು.

ಆದರೂ ಓದುಗರ ಒತ್ತಾಯಕ್ಕೆ ದಿನಾಂಕಗಳು ಮಣಿಯುತ್ತವೆ. ಮೊದಲ ಹ್ಯಾರಿ ಪಾಟರ್ ಕೃತಿ ಬ್ರಿಟನ್ನಿನಲ್ಲಿ 1997ರಲ್ಲಿ, ಅಮೆರಿಕದಲ್ಲಿ 1998ರಲ್ಲಿ ಬಂತು. ಕಾಯಲೊಲ್ಲದ ಅಮೆರಿಕನ್ನರು ಅಂತರಜಾಲದ ಮೂಲಕ ಬ್ರಿಟನ್ನಿನಿಂದಲೇ ತರಿಸತೊಡಗಿದರು. 2000ದಲ್ಲಿ ನಾಲ್ಕನೆಯ ಕೃತಿ ಎರಡೂ ಕಡೆ ಒಂದೇ ದಿನ ಬಿಡುಗಡೆಯಾಯಿತು.

ಪ್ರದೇಶವಾರು ಹಕ್ಕನ್ನೇ ರದ್ದುಮಾಡಬೇಕೆಂದು ನಾನು ವಾದಿಸಲಾರೆ. ಭಾರತದ ಓದುಗನಿಗೆ ಕಡಿಮೆ ಬೆಲೆಯ ಆವೃತ್ತಿ ದೊರೆಯಲು ಅದೂ ಒಂದು ಕಾರಣ. ಕನ್ನಡಕ್ಕೆ ಹೆಚ್ಚು ತೊಡಕಾಗಿರುವುದು ದೇಶದ ಗಡಿಯಲ್ಲ, ಭಾಷೆಯ ಗಡಿ. ನುಗ್ಗೇಹಳ್ಳಿಯಿರುವ ಚನ್ನರಾಯಪಟ್ಟಣ ತಾಲ್ಲೂಕಿನವರೇ ಆದ, ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಅನುವಾದ ಬಂದದ್ದು 1994ರಲ್ಲಿ. 2007ರ ‘ಆವರಣ’ ಇಂಗ್ಲಿಷಿಗೆ ಹೋಗಲು 2014 ಆಗಬೇಕಾಯಿತು. ಇಷ್ಟು ಖ್ಯಾತರಾದ ಲೇಖಕರ ಕೃತಿಗಳಿಗೇ ಇಂಥ ವಿಳಂಬವಾದರೆ, ಉಳಿದವರ ಪಾಡೇನು?

ವಿದೇಶಿ ಸಂಪಾದಕರಿಗೆ ಕನ್ನಡ ಬಾರದು. ಕೃತಿಯನ್ನು ಒಪ್ಪಬೇಕೋ ಬೇಡವೋ ಎಂದು ನಿರ್ಧರಿಸಲು ಅವರಿಗೆ ಒಂದೆರಡು ಅಧ್ಯಾಯಗಳ ಒಳ್ಳೆಯ ಅನುವಾದವಾದರೂ ಬೇಕು. ಅದಕ್ಕೆ ತಗಲುವ ವೆಚ್ಚವನ್ನು ಅನುವಾದಕರೇ ಹೊರಬೇಕೆನ್ನುವುದು ನ್ಯಾಯವಲ್ಲ. ‘ಹಾರ್ಟ್ ಲ್ಯಾಂಪ್’ ಅನುವಾದಕ್ಕೆ ನೆರವಾದವುಗಳಲ್ಲಿ ಇಂಗ್ಲಿಷ್ ಪೆನ್ ಸಂಸ್ಥೆಯ ಅನುದಾನವೂ ಒಂದು. ಪರದೇಶದ ಸಂಸ್ಥೆಗೆ ಹೊಳೆದದ್ದು ನಮ್ಮ ಸರ್ಕಾರಕ್ಕೆ ಹೊಳೆಯಬಾರದೇಕೆ? ಅನುವಾದಕ್ಕೆಂದೇ ಇರುವ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವು ಪ್ರತಿ ವರ್ಷ ಆಯ್ದ ಹೊಸ ಕನ್ನಡ ಕೃತಿಗಳ ಮಾದರಿ ಅಧ್ಯಾಯಗಳನ್ನು ಇಂಗ್ಲಿಷಿಗೆ ತಂದು, ಹೊರಗಿನ ಪ್ರಕಾಶಕರ ಮುಂದಿಡಬೇಕು. ಲೇಖಕರು ಬದುಕಿ ಬರೆಯುತ್ತಿರುವಾಗಲೇ ಅವರ ಕೃತಿ ಲೋಕವನ್ನು ತಲುಪಬೇಕಾದರೆ, ಈ ಕೆಲಸಕ್ಕೆ ಪ್ರಶಸ್ತಿಯ ಸುದ್ದಿಗಾಗಿ ಕಾಯಬಾರದು.